ಒಡೆದ ಗಾಜು, ಹಿತ್ತಾಳೆ ತಂತಿ: ವಾಷಿಂಗ್ಟನ್ನಿನಲ್ಲಿ ಕಾಲ್ಡರ್‌ನ ಮೀನು

ಈ ಮೀನಿಗೆ ಮೈಯೆಂದರೆ ಬಾಗಿಸಿದ ಉಕ್ಕಿನ ಸರಳಿನ ಹೊರಗೆರೆ ಮಾತ್ರ. ಹೊಟ್ಟೆ ಇರಬೇಕಾದ ಜಾಗದಲ್ಲಿ ಬಣ್ಣದ ಗಾಜಿನ ಚೂರುಗಳೂ ಸಣ್ಣಪುಟ್ಟ ವಸ್ತುಗಳೂ ತೆಳುವಾದ ತಂತಿಗಳಿಗೆ ಸಿಕ್ಕಿಕೊಂಡು ತೂಗುತ್ತಿವೆ. ಇದರ ಹೆಸರು ‘ಫಿನ್ನಿ ಫಿಶ್’, ವರ್ಷ 1948, ಉದ್ದ ಸುಮಾರು ಒಂದೂವರೆ ಮೀಟರ್. ಕಲಾವಿದ ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್. ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನ ಪೂರ್ವ ಕಟ್ಟಡಕ್ಕೆ ಬರುವವರೆಲ್ಲ ಮೊದಲು ತಲೆಯೆತ್ತಿ ನೋಡುವುದು ಒಳಾಂಗಣದಲ್ಲಿ ತೂಗುವ ಆತನ ಭಾರಿ ಮೊಬೈಲ್ ಶಿಲ್ಪವನ್ನು, ಅಂದರೆ ಗಾಳಿಯಾಡಿದರೆ ತಿರುಗುವಂತೆ ತೂಗುಬಿಟ್ಟ ಶಿಲ್ಪವನ್ನು. ಸುಮಾರು 23 ಮೀಟರ್ ಅಗಲ, 400 ಕಿಲೋಗೂ ಹೆಚ್ಚು ತೂಕದ ಆ ಶಿಲ್ಪ ಭವ್ಯವೇ ಸರಿ, ಆದರೆ ನಾನು ಹೆಚ್ಚು ಹೊತ್ತು ನಿಂತದ್ದು ಈ ಮೀನಿನ ಮುಂದೆ.

ಬಿಸಾಡಿದ ವಸ್ತುಗಳ ಸಹವಾಸ ಕಾಲ್ಡರ್‌ಗೆ ಬಾಲ್ಯದಲ್ಲಿಯೇ ಅಂಟಿಕೊಂಡಿತ್ತು. ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ವಿದ್ಯುತ್ ಕೇಬಲ್ ಜೋಡಿಸುತ್ತಿದ್ದ ಕೆಲಸಗಾರರು ಬೀದಿಯಲ್ಲಿ ಬಿಟ್ಟುಹೋದ ತಾಮ್ರದ ತಂತಿಯ ತುಂಡುಗಳನ್ನು ಆಯ್ದು ತಂದು, ಮಣಿಗಳ ಜೊತೆ ಸೇರಿಸಿ, ಆ ಹುಡುಗ ಅಕ್ಕನ ಗೊಂಬೆಗಳಿಗೆ ಒಡವೆ ಮಾಡಿಕೊಡುತ್ತಿದ್ದ. ಮುಂದೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ 1919ರಲ್ಲಿ ಪದವಿ ಪಡೆದ. ಅದನ್ನು ಬಿಟ್ಟು ಕಲೆಗೆ ತಿರುಗಿ ಪ್ಯಾರಿಸ್ ಸೇರಿದವನು, 1926ರಿಂದ 1931ರವರೆಗೆ ತಂತಿ, ಬಿರಡೆ, ಚಿಂದಿ ಬಟ್ಟೆ, ಮರದ ತುಂಡುಗಳಿಂದ ಒಂದು ಪುಟ್ಟ ಸರ್ಕಸ್ಸನ್ನೇ ಕಟ್ಟಿದ. ಐದು ಪೆಟ್ಟಿಗೆಗಳಲ್ಲಿ ಹೊತ್ತೊಯ್ದು, ನೆಲದ ಮೇಲೆ ಮಂಡಿಯೂರಿ, ಸ್ನೇಹಿತರ ಮುಂದೆ ತಾನೇ ಆಡಿಸಿ ತೋರಿಸುತ್ತಿದ್ದ ಆ ಸರ್ಕಸ್ ಈಗ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿದೆ.

ಒಡವೆಯ ಕೆಲಸವನ್ನಂತೂ ಆತ ಜೀವನಪೂರ್ತಿ ಬಿಡಲಿಲ್ಲ. ಹಾರ, ಬಳೆ, ಓಲೆ, ಉಂಗುರ, ತಲೆಯ ಆಭರಣ, ಎಲ್ಲ ಸೇರಿ ಸುಮಾರು 1800. ಹೆಚ್ಚಿನವು ಹಿತ್ತಾಳೆಯವು, ಬೆಳ್ಳಿಯವು. ಚಿನ್ನ ಬಹಳ ಕಡಿಮೆ. ಕೆಲವುಗಳಲ್ಲಿ ಒಡೆದ ಪಿಂಗಾಣಿಯ ಚೂರು ಹರಳಿನ ಜಾಗದಲ್ಲಿ ಕುಳಿತಿರುತ್ತದೆ. ಬೆಸುಗೆಯನ್ನು ಆತ ಆದಷ್ಟು ದೂರವಿಟ್ಟಿದ್ದ. ತಂತಿಯನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡುವುದು, ಇಕ್ಕಳದಿಂದ ಸುರುಳಿ ಸುತ್ತುವುದು, ತುದಿಯನ್ನು ಕೊಂಡಿಯಾಗಿ ಬಾಗಿಸಿ ಇನ್ನೊಂದು ಕೊಂಡಿಗೆ ಸಿಕ್ಕಿಸುವುದು, ಅಗತ್ಯ ಬಿದ್ದಲ್ಲಿ ರಿವೆಟ್ ಹೊಡೆಯುವುದು: ಇಷ್ಟರಲ್ಲೇ ಒಡವೆ ಸಿದ್ಧವಾಗುತ್ತಿತ್ತು, ಸುತ್ತಿಗೆಯ ಪೆಟ್ಟಿನ ಗುರುತುಗಳನ್ನು ಉಜ್ಜಿ ಅಳಿಸುವ ಗೋಜಿಗೂ ಆತ ಹೋಗುತ್ತಿರಲಿಲ್ಲ. ಮೊಬೈಲ್ ಶಿಲ್ಪದ ಕಡ್ಡಿಗಳು ಒಂದಕ್ಕೊಂದು ತೂಗುಬೀಳುವುದೂ ಇಂಥದೇ ಕೊಂಡಿಗಳಿಂದ. ಆದ್ದರಿಂದ ಒಡವೆಯನ್ನು ಆತನ ಬಿಡುವಿನ ಹವ್ಯಾಸವೆಂದೂ ಶಿಲ್ಪವನ್ನು ಗಂಭೀರ ಕೆಲಸವೆಂದೂ ಬೇರ್ಪಡಿಸುವ ವಿವರಣೆಗಳನ್ನು ನಾನು ಒಪ್ಪುವುದಿಲ್ಲ. ಕೊರಳಿಗೆ ಬಂದಾಗ ಹಾರವಾದದ್ದೇ ಸೂರಿಗೆ ಹೋದಾಗ ಶಿಲ್ಪವಾಯಿತು, ಅಷ್ಟೇ.

ಗ್ರಾಂ ಲೆಕ್ಕ, ವೇಸ್ಟೇಜು, ಮಜೂರಿ ಎಂದು ಒಡವೆಯನ್ನು ತಕ್ಕಡಿಯಲ್ಲಿಟ್ಟೇ ನೋಡುವ ನಮ್ಮಂಥವರಿಗೆ ಇದು ಸ್ವಲ್ಪ ಕಸಿವಿಸಿಯ ವಿಷಯ. ಗಿರವಿ ಅಂಗಡಿಯವನು ಈ ಹಿತ್ತಾಳೆಯ ಹಾರಕ್ಕೆ ಮೂರು ಕಾಸು ಕೊಡುವವನಲ್ಲ. ಆದರೆ 1942ರ ಅಕ್ಟೋಬರಿನಲ್ಲಿ ಕಲಾಸಂಗ್ರಾಹಕಿ ಪೆಗ್ಗಿ ಗುಗೆನ್‌ಹೈಮ್ ನ್ಯೂಯಾರ್ಕಿನಲ್ಲಿ ತನ್ನ ಗ್ಯಾಲರಿಯನ್ನು ಉದ್ಘಾಟಿಸಿದ ಸಂಜೆ ಒಂದು ಕಿವಿಗೆ ಕಾಲ್ಡರ್ ಮಾಡಿದ ಓಲೆಯನ್ನೂ ಇನ್ನೊಂದಕ್ಕೆ ಸರ್‌ರಿಯಲಿಸ್ಟ್ ಚಿತ್ರಕಾರ ಈವ್ ಟಾಂಗಿ ಮಾಡಿದ್ದನ್ನೂ ಧರಿಸಿ, ಅಮೂರ್ತ ಕಲೆ ಮತ್ತು ಕನಸಿನಂಥ ಚಿತ್ರಗಳ ಪಂಥವಾದ ಸರ್‌ರಿಯಲಿಸಂ ಎರಡೂ ತನಗೆ ಸಮಾನವೆಂದು ಸಾರಿದ್ದಳು. ಓಲೆಯೇ ಅಲ್ಲಿ ಭಾಷಣ ಮಾಡಿತು. ತನ್ನ ಒಡವೆಗಳನ್ನು ಅಚ್ಚು ಹಾಕಿ ಸಾವಿರಗಟ್ಟಲೆ ತಯಾರಿಸಲು ಕಾಲ್ಡರ್ ಬಿಡಲಿಲ್ಲ. ಅನೇಕವು ಹೆಂಡತಿ ಲೂಯಿಸಾಗೆ, ಸ್ನೇಹಿತರ ಮನೆಯವರಿಗೆ ಕೊಟ್ಟ ಉಡುಗೊರೆಗಳು.

ಇಂದು ಗುಜರಿಯಿಂದ ಕಲೆ ಎಂದೊಡನೆ ಪರಿಸರದ ಕಾಳಜಿಯ ಫಲಕವೊಂದು ಅದರ ಪಕ್ಕದಲ್ಲಿ ನಿಲ್ಲುತ್ತದೆ. ಆ ಕಾಳಜಿ ನ್ಯಾಯವಾದದ್ದೇ. ಆದರೂ ಕಾಲ್ಡರ್‌ನನ್ನು ಆ ಫಲಕದ ಕೆಳಗೆ ನಿಲ್ಲಿಸುವುದು ನನಗೆ ಸರಿಕಾಣದು. ಈ ಮೀನಿನೊಳಗಿನ ಗಾಜು ಯಾವ ಸಂದೇಶವನ್ನೂ ಹೊತ್ತಿಲ್ಲ; ಬೆಳಕು ಬಿದ್ದರೆ ಹೊಳೆಯುತ್ತದೆ, ಗಾಳಿಯಾಡಿದರೆ ತಿರುಗುತ್ತದೆ, ಕೈಗೆ ಸುಲಭವಾಗಿ ಸಿಗುತ್ತದೆ, ಎಂಬುದಷ್ಟೇ ಅದನ್ನು ಎತ್ತಿಕೊಳ್ಳಲು ಆತನಿಗೆ ಸಾಕಾಗಿತ್ತೆಂದು ನನಗನ್ನಿಸುತ್ತದೆ.

ನಮ್ಮ ದೇಶದ ನಂಟೂ ಒಂದಿದೆ. ಅಹಮದಾಬಾದಿನ ಉದ್ಯಮಿ ಕುಟುಂಬದ ಗೀರಾ ಸಾರಾಭಾಯಿ ಅವರ ಆಹ್ವಾನದ ಮೇಲೆ 1955ರಲ್ಲಿ ಲೂಯಿಸಾ ಜೊತೆ ಭಾರತಕ್ಕೆ ಬಂದ ಕಾಲ್ಡರ್, ಪ್ರವಾಸದ ಖರ್ಚಿಗೆ ಪ್ರತಿಯಾಗಿ ಶಿಲ್ಪ ಮಾಡಿಕೊಡುವ ಒಪ್ಪಂದದ ಮೇಲೆ, ಆ ಕುಟುಂಬದ ಆವರಣದಲ್ಲಿ ಒಂಬತ್ತು ಶಿಲ್ಪಗಳನ್ನೂ ಕೆಲವು ಒಡವೆಗಳನ್ನೂ ಮಾಡಿದ. ಅವುಗಳಲ್ಲೊಂದರ ಹೆಸರು ‘ಗ್ವಾವಾ’, ಅಂದರೆ ನಮ್ಮ ಸೀಬೆಹಣ್ಣು.

ವಾಷಿಂಗ್ಟನ್ನಿಗೆ ಬರುವವರಿದ್ದರೆ ಈ ಗ್ಯಾಲರಿಗೆ ಪ್ರವೇಶ ಉಚಿತ. ಕಾಲ್ಡರ್‌ನ ಕೋಣೆ ಮೇಲಿನ ಗೋಪುರದಲ್ಲಿದೆ. ಮೀನನ್ನು ಎದುರಿನಿಂದ ನೋಡಿ ಮುಗಿಸಬೇಡಿ, ಪಕ್ಕಕ್ಕೂ ಹೋಗಿ ನಿಲ್ಲಿ. ಆ ಕಡೆಯಿಂದ ಅದರ ಅಗಲವೆಲ್ಲ ಮಾಯವಾಗಿ, ಒಂದು ಸರಳಿನ ಗೆರೆಯೂ ಅದರ ಆಚೀಚೆ ತೂಗುವ ಚೂರುಗಳೂ ಮಾತ್ರ ಉಳಿಯುತ್ತವೆ.