ಗ್ಲುವಾನ್ ಲೆಕ್ಕದಿಂದ ಗ್ರಾವಿಟಾನ್ ಲೆಕ್ಕಕ್ಕೆ

ಕೇಳುಗರಿಗೆ ನಮಸ್ಕಾರ.

ಪ್ರೋಟಾನಿನೊಳಗೆ ಕ್ವಾರ್ಕ್‌ಗಳನ್ನು ಬಿಗಿದಿಟ್ಟಿರುವ ಬಲವನ್ನು ವಿವರಿಸುವುದು ಗೇಜ್ ಸಿದ್ಧಾಂತ. ಆ ಬಲವನ್ನು ಹೊರುವ ಕಣವೇ ಗ್ಲುವಾನ್. ಅದರ ಚೌಕಟ್ಟನ್ನು 1954ರಲ್ಲಿ ಯಾಂಗ್ ಮತ್ತು ಮಿಲ್ಸ್ ಕೊಟ್ಟರು. ನಮ್ಮನ್ನು ನೆಲಕ್ಕೆ ಹಿಡಿದಿರುವ ಗುರುತ್ವವನ್ನು ವಿವರಿಸುವುದು ಐನ್‌ಸ್ಟೈನರ 1915ರ ಸಿದ್ಧಾಂತ. ಕ್ವಾಂಟಮ್ ಲೆಕ್ಕದಲ್ಲಿ ಗುರುತ್ವವನ್ನು ಹೊರುವ ಕಣವನ್ನು ಗ್ರಾವಿಟಾನ್ ಎನ್ನುತ್ತಾರೆ. ಮೊದಲನೆಯದನ್ನು ಅದರಿಂದಲೇ ಗುಣಿಸಿದರೆ ಎರಡನೆಯದು ಸಿಗುತ್ತದೆ ಎಂಬುದು ಇಂದಿನ ಮಾತಿನ ತಿರುಳು.

ಗೇಜ್ ಅಂದರೇನು? ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ನಂದಿಬೆಟ್ಟ 1,478 ಮೀಟರ್. ಸಮುದ್ರದ ಬದಲು ಮೆಜೆಸ್ಟಿಕ್‌ನ ನೆಲವನ್ನೇ ಸೊನ್ನೆ ಎಂದುಕೊಂಡರೂ ಇವೆರಡರ ಅಂತರ ಬದಲಾಗದು. ಆದರೆ ಒಂದೊಂದು ಊರೂ ತನ್ನದೇ ಸೊನ್ನೆ ಇಟ್ಟುಕೊಂಡರೆ, ಊರಿಂದೂರಿಗೆ ಸೊನ್ನೆ ಎಷ್ಟು ಸರಿದಿದೆ ಎಂಬ ಪಟ್ಟಿ ಬೇಕಾಗುತ್ತದೆ. ಆ ಪಟ್ಟಿಯ ಕೆಲಸ ಮಾಡುವುದೇ ಗೇಜ್ ಕ್ಷೇತ್ರ. ಗುರುತ್ವದಲ್ಲಿ, ಬಾಗಿದ ದೇಶಕಾಲದ ಒಂದು ಬಿಂದುವಿನ ದಿಕ್ಕನ್ನು ಪಕ್ಕದ ಬಿಂದುವಿನದಕ್ಕೆ ಹೋಲಿಸಲು ಬಳಸುವ ಕ್ರಿಸ್ಟಾಫೆಲ್ ಸಂಕೇತಗಳದ್ದು ಇದೇ ಕೆಲಸ. 1956ರಲ್ಲಿ ಭೌತವಿಜ್ಞಾನಿ ಉತಿಯಾಮಾ ಈ ಹೋಲಿಕೆಯನ್ನು ಕ್ರಮಬದ್ಧವಾಗಿ ತೋರಿಸಿದರು.

ಹೋಲಿಕೆ ಅಲ್ಲಿಗೇ ತಡೆದು ನಿಲ್ಲುತ್ತದೆ. ಸಿದ್ಧಾಂತದ ಸಮೀಕರಣಗಳೆಲ್ಲ ಹುಟ್ಟುವ ಮೂಲ ಸೂತ್ರವನ್ನು ಲಗ್ರಾಂಜಿಯನ್ ಎನ್ನುತ್ತಾರೆ. ಯಾಂಗ್-ಮಿಲ್ಸ್ ಲಗ್ರಾಂಜಿಯನ್ನಿನಲ್ಲಿ ಇರುವುದು ಕ್ಷೇತ್ರಬಲದ ವರ್ಗ. ಐನ್‌ಸ್ಟೈನರದರಲ್ಲಿ ವಕ್ರತೆ ಒಂದೇ ಘಾತದಲ್ಲಿದೆ. ಮೊದಲನೆಯದು ನಾಲ್ಕು ಗ್ಲುವಾನ್‌ಗಳ ಪದಕ್ಕೆ ಮುಗಿಯುತ್ತದೆ, ಎರಡನೆಯದು ಬಿಡಿಸಿದಷ್ಟೂ ಬೆಳೆಯುತ್ತದೆ. ಮೂರು ಗ್ರಾವಿಟಾನ್‌ಗಳು ಕೂಡುವ ಬಿಂದುವಿನಲ್ಲಿ, ಅಂದರೆ ಶೃಂಗದಲ್ಲಿ, 171 ಪದಗಳು, ನಾಲ್ಕು ಕೂಡುವಲ್ಲಿ 2,850 ಎಂದು ಡಿವಿಟ್ 1967ರಲ್ಲೇ ಎಣಿಸಿದ್ದರು. ಲಗ್ರಾಂಜಿಯನ್ನನ್ನು ದಿಟ್ಟಿಸುತ್ತ ಕೂತರೆ ಈ ಎರಡು ಸಿದ್ಧಾಂತಗಳ ನಂಟು ಕಾಣುವುದೇ ಇಲ್ಲ. ಕಾಣುವುದು ಕಣಗಳು ಡಿಕ್ಕಿ ಹೊಡೆದು ಚದುರುವಾಗಿನ ಆಂಪ್ಲಿಟ್ಯೂಡ್‌ನಲ್ಲಿ, ಅಂದರೆ ಆ ಚದುರಿಕೆಯ ಸಂಭವನೀಯತೆಯನ್ನು ಕೊಡುವ ಲೆಕ್ಕದಲ್ಲಿ. ತಂತು ಸಿದ್ಧಾಂತದ ದಾರಿಯಿಂದ ಕವಾಯ್, ಲೆವೆಲೆನ್, ತೈ 1986ರಲ್ಲಿ ಇದನ್ನು ಕಂಡರು. ಬೆರ್ನ್, ಕರಾಸ್ಕೊ, ಯೊಹಾನ್ಸನ್ 2008ರಲ್ಲಿ ಕೈಗೆ ಹತ್ತುವ ವಿಧಾನವಾಗಿಸಿದರು.

ಎಂ.ಎಸ್ಸಿ. ವಿದ್ಯಾರ್ಥಿಗಳು ಕೇಳುತ್ತಿದ್ದರೆ ಕಾಗದ ಹತ್ತಿರವಿರಲಿ. ನಾಲ್ಕು ಗ್ಲುವಾನ್‌ಗಳ ಚದುರಿಕೆಯನ್ನು ಮೂರು ಚಿತ್ರಗಳಾಗಿ ಬರೆಯಿರಿ: ಎಸ್, ಟಿ, ಯು. ಇವು ಆಯಾ ಚಿತ್ರದ ನಡುಗೆರೆಯ ಸಂವೇಗದ ವರ್ಗದ ಹೆಸರೂ ಹೌದು. ಪ್ರತಿ ಶೃಂಗದಲ್ಲೂ ಮೂರೇ ಗೆರೆ ಕೂಡಬೇಕು. ನಾಲ್ಕು ಗೆರೆ ಒಟ್ಟಿಗೆ ಕೂಡುವ ಚಿತ್ರವನ್ನು ಬಿಸಾಡುವಂತಿಲ್ಲ. ಅದರ ಪದಗಳನ್ನು ಎಸ್ ಭಾಗಿಸು ಎಸ್, ಟಿ ಭಾಗಿಸು ಟಿ ಎಂದು ಗುಣಿಸಿ ಆಯಾ ಚಿತ್ರಕ್ಕೆ ಹಂಚಬೇಕು. ಹೊಸಬರ ಲೆಕ್ಕ ಕೆಡುವುದು ಹೆಚ್ಚಾಗಿ ಈ ಹಂಚಿಕೆಯಲ್ಲೇ. ಈಗ ಪ್ರತಿ ಚಿತ್ರದ ಛೇದದಲ್ಲಿ ಒಂದು ಪ್ರಾಪಗೇಟರ್, ಅಂದರೆ ಆಯಾ ಎಸ್, ಟಿ ಅಥವಾ ಯು. ಅಂಶದಲ್ಲಿ ಎರಡು ಗುಣಕ. ಒಂದು ವರ್ಣದ್ದು, ಅಂದರೆ ಗ್ಲುವಾನ್‌ಗಳು ಹೊತ್ತ ಆವೇಶದ್ದು, ಇನ್ನೊಂದು ಸಂವೇಗ ಮತ್ತು ಧ್ರುವೀಕರಣದ್ದು. ಮೂರು ವರ್ಣಗುಣಕಗಳ ಮೊತ್ತ ಸೊನ್ನೆ, ಇದು ಜಾಕೋಬಿ ನಿಯಮ. ಸಂವೇಗದ ಗುಣಕಗಳ ಮೊತ್ತವೂ ಸೊನ್ನೆಯಾದರೆ, ವರ್ಣಗುಣಕವನ್ನು ತೆಗೆದು ಅಲ್ಲಿ ಸಂವೇಗದ ಗುಣಕವನ್ನೇ ಇನ್ನೊಮ್ಮೆ ಇಡಿ. ಬಲದ ತೀವ್ರತೆ ಹೇಳುವ ಗೇಜ್ ಸ್ಥಿರಾಂಕದ ಜಾಗದಲ್ಲಿ, ಗುರುತ್ವದ ಸ್ಥಿರಾಂಕವಾದ ‘ಕಪ್ಪಾ’ ಎಂಬ ಗ್ರೀಕ್ ಅಕ್ಷರದ ಅರ್ಧ ಇಡಿ. ‘ಕಪ್ಪಾ’ದ ವರ್ಗ ಎಂದರೆ ನ್ಯೂಟನ್ನರ ಜಿಯ 32 ಪೈ ಪಟ್ಟು. ಕೈಗೆ ಬರುವುದು ನಾಲ್ಕು ಗ್ರಾವಿಟಾನ್‌ಗಳ ಆಂಪ್ಲಿಟ್ಯೂಡ್. ಆ 2,850 ಪದಗಳನ್ನು ಮುಟ್ಟಲೇ ಇಲ್ಲ! ನನಗೆ ಇದಕ್ಕಿಂತ ಸುಂದರವಾದ ಲೆಕ್ಕ ಗೊತ್ತಿಲ್ಲ.

ನಾಲ್ಕು ಕಣಗಳಿಗೆ ಆ ಸೊನ್ನೆ ತಾನಾಗಿಯೇ ಬರುತ್ತದೆ. ಐದಕ್ಕೆ ಹೋದಾಗ ಚಿತ್ರಗಳು 15, ಆರಕ್ಕೆ 105. ಅಲ್ಲಿ ಪದಗಳನ್ನು ಚಿತ್ರದಿಂದ ಚಿತ್ರಕ್ಕೆ ಸರಿಸಿ ಸೊನ್ನೆಯನ್ನು ನಾವೇ ಹೊಂದಿಸಬೇಕು. ಹೊಂದಿಸದೆ ವರ್ಗ ಮಾಡಿದರೆ ಉತ್ತರ ಗೇಜ್ ಆಯ್ಕೆಯೊಂದಿಗೆ ಬದಲಾಗುತ್ತದೆ, ಅದಕ್ಕೆ ಭೌತಿಕ ಅರ್ಥವಿಲ್ಲ.

ಇನ್ನೊಂದು ತೊಡಕು ಸೂಕ್ಷ್ಮದ್ದು. ಗ್ಲುವಾನಿಗೆ ಎರಡು ಧ್ರುವೀಕರಣ ಸ್ಥಿತಿ, ಗುಣಿಸಿದರೆ ನಾಲ್ಕು. ಅವುಗಳಲ್ಲಿ ಎರಡು ಗ್ರಾವಿಟಾನಿನವು. ಉಳಿದೆರಡು ಡೈಲಟಾನ್ ಮತ್ತು ಆಕ್ಸಿಯಾನ್ ಎಂಬ ಬೇರೆ ಕಣಗಳು, ಇವು ಐನ್‌ಸ್ಟೈನರ ಸಿದ್ಧಾಂತದಲ್ಲಿಲ್ಲ. ಹೊರಗಿನ ಕಣಗಳೆಲ್ಲ ಗ್ರಾವಿಟಾನ್‌ಗಳೇ ಆಗಿದ್ದು ಚಿತ್ರದಲ್ಲಿ ಕುಣಿಕೆ, ಅಂದರೆ ಸುತ್ತಿ ಮುಚ್ಚಿಕೊಂಡ ಗೆರೆ, ಇಲ್ಲದಿದ್ದರೆ ಇವು ತಲೆಹಾಕವು. ಕುಣಿಕೆ ಬಂದ ಕೂಡಲೇ ಒಳಗೆ ಸುತ್ತತೊಡಗುತ್ತವೆ. ಕಪ್ಪುಕುಳಿಗಳಂಥ ಭಾರದ ಕಾಯಗಳ ನಡುವೆಯಂತೂ ಡೈಲಟಾನ್ ನೇರವಾಗಿಯೇ ವಿನಿಮಯವಾಗುತ್ತದೆ. ಅದನ್ನು ಸೋಸಿ ತೆಗೆಯದಿದ್ದರೆ ಬಲದ ಬೆಲೆಯೇ ತಪ್ಪುತ್ತದೆ.

ಆ ಸೋಸುವಿಕೆ ಈಗ ಬಳಕೆಯ ವಿಷಯ. ಎರಡು ಕಪ್ಪುಕುಳಿಗಳ ನಡುವಿನ ವಿಭವವನ್ನು ಜಿಯ ಮೂರನೆಯ ಘಾತದವರೆಗೆ 2019ರಲ್ಲಿ ಇದೇ ಬಗೆಯ ವಿಧಾನಗಳಿಂದ ಪಡೆದರು. ಗುರುತ್ವ ಅಲೆಗಳ ದತ್ತಾಂಶಕ್ಕೆ ಹೋಲಿಸಿ ನೋಡುವ ತರಂಗರೂಪಗಳನ್ನು ಇನ್ನಷ್ಟು ನಿಖರಗೊಳಿಸಲು ಇಂಥ ಫಲಿತಾಂಶಗಳು ಬೇಕು. ಆ ದತ್ತಾಂಶದ ಮೇಲೆ ನಮ್ಮ ಹೆಸರಘಟ್ಟ ಹೋಬಳಿಯ ಶಿವಕೋಟೆಯಲ್ಲಿರುವ ಐಸಿಟಿಎಸ್ ಎಂಬ ಸಂಶೋಧನಾ ಸಂಸ್ಥೆಯಲ್ಲೂ ಕೆಲಸ ನಡೆಯುತ್ತದೆ.

ನಿಮ್ಮ ಲೆಕ್ಕ ಸರಿಯೇ ಎಂದು ನೋಡಲು ಒಂದು ಪರೀಕ್ಷೆ: ಯಾವುದಾದರೊಂದು ಗ್ಲುವಾನಿನ ಧ್ರುವೀಕರಣದ ಜಾಗದಲ್ಲಿ ಅದರ ಸಂವೇಗವನ್ನೇ ಇಡಿ. ಪೂರ್ತಿ ಮೊತ್ತ ಸೊನ್ನೆಯಾಗಬೇಕು. ಆಗದಿದ್ದರೆ ಮೊದಲು ಮೂರು ಚಿತ್ರಗಳ ಧನ-ಋಣ ಚಿಹ್ನೆ ನೋಡಿ, ಆಮೇಲೆ ನಾಲ್ಕು ಗೆರೆಗಳ ಪದವನ್ನು ಹಂಚಿದ್ದು ಸರಿಯೇ ಎಂದು ನೋಡಿ. ನಮಸ್ಕಾರ.