ಕೀಲಿ ಕೊಡ್ತೀನಿ, ಕೈಗಡ ಕೊಡಲ್ಲ

ಎಲ್ಲರಿಗೂ ನಮಸ್ಕಾರ.

ಸಾಮಾಜಿಕ ಮನೋವಿಜ್ಞಾನದ ಸಂಶೋಧನೆ ಬಗ್ಗೆ ಮಾತಾಡಿ ಅಂತ ಪ್ರೀತಿಯಿಂದ ಕರೆದಿದ್ದೀರಿ. ಮುಂದಿನ ವಾರದಿಂದ ನಿಮ್ಮಲ್ಲಿ ಹಲವರು ಡಿಸರ್ಟೇಶನ್ ಕೆಲಸಕ್ಕೆ ಪ್ರಶ್ನಾವಳಿ ಹಿಡಿದು ಹೊರಡುವವರು. ಕೆಲವರು ದಾವಣಗೆರೆಯಲ್ಲೇ, ಕೆಲವರು ಹರಿಹರ, ಜಗಳೂರು, ಹೊಳಲ್ಕೆರೆ ಕಡೆ. ಅದಕ್ಕೇ ಪುಸ್ತಕದಿಂದ ಶುರು ಮಾಡೋದು ಬೇಡ ಅನ್ನಿಸಿತು. ಒಂದು ಮಂಡಕ್ಕಿ ಭಟ್ಟಿಯಿಂದ ಶುರು ಮಾಡುತ್ತೇನೆ.

ನಾನಾಗ ಪಿಎಚ್‌ಡಿ ವಿದ್ಯಾರ್ಥಿ. ನೆರೆಹೊರೆಯವರ ಮೇಲೆ ಜನರಿಗೆ ಎಷ್ಟು ನಂಬಿಕೆ ಇದೆ, ಆ ನಂಬಿಕೆಗೂ ಅವರ ನೆಮ್ಮದಿಗೂ ಏನು ಸಂಬಂಧ, ಇದು ನನ್ನ ವಿಷಯ. ಜೆರಾಕ್ಸ್ ಮಾಡಿಸಿದ ಫಾರಂಗಳ ಕಟ್ಟು ಹಿಡ್ಕೊಂಡು ಇದೇ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆ ಹೋಗಿದ್ದೆ. ಒಳಗೆ ಹೊಗೆ. ಕಾದ ಮರಳಿಗೆ ಅಕ್ಕಿ ಬಿದ್ದ ತಕ್ಷಣ ಚಟಪಟ ಅಂತ ಅರಳಿ ಮೇಲೇಳುತ್ತಿತ್ತು. ಬಾಗಿಲ ಹತ್ತಿರ ಅರವತ್ತರ ಆಸುಪಾಸಿನ ಒಬ್ಬ ತಾಯಿ ಕೂತು ಜರಡಿ ಹಿಡಿಯುತ್ತಿದ್ದರು. ಮರಳು ಕೆಳಗೆ, ಮಂಡಕ್ಕಿ ಮೇಲೆ. ಕೈ ನಿಲ್ಲಿಸದೆ ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಕೊಡ್ತಾ ಬಂದರು.

ಹನ್ನೊಂದನೇ ಪ್ರಶ್ನೆ ಬಂತು. 'ನನ್ನ ನೆರೆಹೊರೆಯವರನ್ನು ನಾನು ನಂಬುತ್ತೇನೆ.' ಎದುರಿಗೆ ಐದು ಮನೆ. ಸಂಪೂರ್ಣವಾಗಿ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ, ಒಪ್ಪುವುದಿಲ್ಲ, ಸ್ವಲ್ಪವೂ ಒಪ್ಪುವುದಿಲ್ಲ. ಓದಿ ಹೇಳಿದೆ.

"ತಟಸ್ಥ ಅಂದ್ರೆ ಏನು ತಮ್ಮಾ?"

"ಆ ಕಡೆನೂ ಅಲ್ಲ, ಈ ಕಡೆನೂ ಅಲ್ಲ ಅಂತ, ಅಮ್ಮಾ."

"ಹಂಗಾದ್ರೆ ಅದಲ್ಲ ಬಿಡು." ಜರಡಿ ನಿಂತಿತು. "ಯಾವ ವಿಷಯಕ್ಕೆ ನಂಬಬೇಕು ಅದನ್ನ ಹೇಳು. ಪಕ್ಕದ ಮನೆಯವಳಿಗೆ ಕೀಲಿ ಕೊಡ್ತೀನಿ, ಕೈಗಡ ಕೊಡಲ್ಲ. ಮೊಮ್ಮಗಳನ್ನ ಅವಳ ಮನೇಲಿ ಬಿಟ್ಟು ಬರ್ತೀನಿ. ಆದ್ರೆ ಮನೆ ಮಾತು ಅವಳ ಹತ್ರ ಆಡಲ್ಲ. ಈಗ ನಿನ್ನ ಹಾಳೇಲಿ ಎಲ್ಲಿ ಗುರುತು ಹಾಕ್ತೀಯೋ ಹಾಕು."

ನಾನು ಮೂರನೇ ಮನೆಗೆ ಗುರುತು ಹಾಕಿದೆ. ತಟಸ್ಥ. 'ಅದಲ್ಲ' ಅಂತ ಅವರು ಬಾಯಿಬಿಟ್ಟು ಹೇಳಿದ ಮನೆಗೇ ಹಾಕಿದೆ. ಅವರ ಮಾತನ್ನು ಪಕ್ಕದ ಖಾಲಿ ಜಾಗದಲ್ಲಿ ಪೆನ್ಸಿಲಿನಲ್ಲಿ ಬರ್ಕೊಂಡೆ. ರಾತ್ರಿ ಕಂಪ್ಯೂಟರಿಗೆ ತುಂಬಿಸುವಾಗ 3 ಅಂತ ಒತ್ತಿದೆ. ಪೆನ್ಸಿಲಿನ ಸಾಲು ಹಾಳೆಯಲ್ಲೇ ಉಳಿಯಿತು.

ಈ ಐದು ಮನೆಯ ಅಳತೆ ಬಂದದ್ದು 1932ರಲ್ಲಿ, ಅಮೆರಿಕದ ರೆನ್ಸಿಸ್ ಲಿಕರ್ಟ್ ಅವರಿಂದ. ಒಳ್ಳೆಯ ಸಾಧನ. ನಾನು ಈಗಲೂ ಬಳಸುತ್ತೇನೆ, ನೀವೂ ಬಳಸಿ. ಆದರೆ ನಾವು ಇಂಗ್ಲಿಷಿನಲ್ಲಿರುವ ಪ್ರಶ್ನಾವಳಿ ತಗೊಂಡು ಕನ್ನಡಕ್ಕೆ ತರುತ್ತೇವೆ. ಸರಿ ಇದೆಯಾ ಅಂತ ನೋಡೋಕೆ ಇನ್ನೊಬ್ಬರ ಕೈಲಿ ಅದನ್ನ ಮತ್ತೆ ಇಂಗ್ಲಿಷಿಗೆ ಮಾಡಿಸುತ್ತೇವೆ. 1970ರಲ್ಲಿ ರಿಚರ್ಡ್ ಬ್ರಿಸ್ಲಿನ್ ಬರೆದ ಲೇಖನದಿಂದ ಹೆಸರಾದ ಪದ್ಧತಿ ಇದು. ನನ್ನ ಫಾರಂ ಕೂಡ ಈ ಪರೀಕ್ಷೆ ಪಾಸಾಗಿತ್ತು. ನ್ಯೂಟ್ರಲ್ ಅನ್ನೋದು ತಟಸ್ಥ ಆಯಿತು, ತಟಸ್ಥ ವಾಪಸ್ ನ್ಯೂಟ್ರಲ್ ಆಯಿತು. ಇಬ್ಬರು ಅನುವಾದಕರಿಗೂ ಆ ಪದ ಗೊತ್ತಿತ್ತು. ಜರಡಿ ಹಿಡಿದವರಿಗೆ ಗೊತ್ತಿರಲಿಲ್ಲ. ಓದಿದವರು ಓದಿದವರನ್ನೇ ಕೇಳಿ ಪಾಸು ಮಾಡಿದ ಪರೀಕ್ಷೆ ಅದು.

ಪದ ಬದಲಾಯಿಸಿದರೆ ಮುಗೀತು ಅಂದುಕೊಳ್ಳಬೇಡಿ. ಆ ತಾಯಿ ಕೇಳಿದ್ದು ಅದಕ್ಕಿಂತ ದೊಡ್ಡದು. ಯಾವ ವಿಷಯಕ್ಕೆ ನಂಬಬೇಕು? ಇದರ ಜೊತೆಗೇ ಇರುವ ಇನ್ನೊಂದು ಪ್ರಶ್ನೆ, ಯಾರನ್ನ ನಂಬಬೇಕು? ಬೇರೆ ಬೇರೆ ದೇಶಗಳ ಸಮೀಕ್ಷೆಗಳಲ್ಲಿ ಎಷ್ಟೋ ವರ್ಷಗಳಿಂದ 'ಬಹುಪಾಲು ಜನರನ್ನು ನಂಬಬಹುದೇ' ಅಂತ ಕೇಳುತ್ತಾ ಬಂದಿದ್ದಾರೆ. 2011ರಲ್ಲಿ ಯಾನ್ ಡೆಲ್ಹೈ, ಕೆನ್ನೆತ್ ನ್ಯೂಟನ್, ಕ್ರಿಸ್ಟಿಯನ್ ವೆಲ್ಜೆಲ್ ಮೂವರು ಸೇರಿ 51 ಸಮಾಜಗಳ ಉತ್ತರ ಇಟ್ಟುಕೊಂಡು ನೋಡಿದರು. 'ಬಹುಪಾಲು ಜನ' ಅಂದಾಗ ಮನಸ್ಸಿಗೆ ಬರುವವರು ಎಲ್ಲ ಕಡೆ ಒಬ್ಬರೇ ಅಲ್ಲ. ಕೆಲವು ಕಡೆ ಅಪರಿಚಿತರೂ ಆ ಲೆಕ್ಕದಲ್ಲಿ ಬರುತ್ತಾರೆ. ಕೆಲವು ಕಡೆ ಗೊತ್ತಿರುವವರಷ್ಟೇ. ಆ ಲೇಖನ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಭಟ್ಟಿ.

ನಮ್ಮ ನಾಡಿನಲ್ಲಿ ಮನೋವಿಜ್ಞಾನಕ್ಕೆ ಒಳ್ಳೆಯ ಹಿರಿಯರಿದ್ದರು. ಮೈಸೂರಿನಲ್ಲಿ 1924ರಲ್ಲೇ ಮನೋವಿಜ್ಞಾನ ವಿಭಾಗ ಶುರುವಾಯಿತು, ಎಂ.ವಿ. ಗೋಪಾಲಸ್ವಾಮಿ ಅವರಿಂದ. 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಕಟ್ಟಿ, ಆಕಾಶವಾಣಿ ಅನ್ನೋ ಹೆಸರು ಬಳಕೆಗೆ ಬರೋಕೆ ಕಾರಣರಾದವರೂ ಅವರೇ. ಒಬ್ಬ ಮನೋವಿಜ್ಞಾನಿ ಜನರ ಮನೆಗೆ ಮಾತು ಮುಟ್ಟಿಸೋಕೆ ಹೊರಟರು ಅನ್ನೋದು ನನಗೆ ತುಂಬಾ ಇಷ್ಟದ ಸಂಗತಿ. ಬಿ. ಕುಪ್ಪುಸ್ವಾಮಿ ಹೆಸರು ನಮ್ಮೂರಿನ ಮೆಡಿಕಲ್ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಕುಟುಂಬದ ಆರ್ಥಿಕ ಸಾಮಾಜಿಕ ಮಟ್ಟ ಅಳೆಯೋಕೆ 1976ರಲ್ಲಿ ಪ್ರಕಟವಾದ ಅವರ ಸ್ಕೇಲ್ ಇಲ್ಲದೆ ಎಷ್ಟೋ ಥೀಸಿಸ್ ಮುಂದೆ ಹೋಗಲ್ಲ. ಅದನ್ನ ಮಾಡಿದವರು ಮನೋವಿಜ್ಞಾನದ ಮೇಷ್ಟ್ರು ಅನ್ನೋದು ಮಾತ್ರ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಓದು, ಕಸುಬು, ಆದಾಯ, ಈ ಮೂರಕ್ಕೆ ಅಂಕ. ರೂಪಾಯಿ ಬೆಲೆ ಇಳಿದ ಹಾಗೆ ಆದಾಯದ ಮಟ್ಟವನ್ನು ಮತ್ತೆ ಮತ್ತೆ ತಿದ್ದುತ್ತಾರೆ. ದುಡ್ಡಿನ ಅಳತೆಗೆ ಇಷ್ಟು ಕಾಳಜಿ ಮಾಡುತ್ತೇವೆ. ಮಾತಿನ ಅಳತೆಗೂ ಅಷ್ಟೇ ಮಾಡಬೇಕು ಅಲ್ವಾ?

ಈಗ ನನ್ನ ಕಥೆಯ ಎರಡನೇ ಭಾಗ. ಇದನ್ನ ಹೇಳೋಕೆ ನನಗೆ ಸಂಕೋಚ ಇದೆ, ಆದರೂ ಹೇಳುತ್ತೇನೆ.

ಲೆಕ್ಕ ಹಾಕಿದಾಗ ನಂಬಿಕೆಗೂ ನೆಮ್ಮದಿಗೂ ನಾನು ಅಂದುಕೊಂಡ ಸಂಬಂಧ ಬರಲಿಲ್ಲ. ಸಿಗ್ನಿಫಿಕೆಂಟ್ ಆಗಲಿಲ್ಲ, ಅಂದರೆ ಇದು ಬರೀ ಆಕಸ್ಮಿಕ ಅಲ್ಲ ಅಂತ ಹೇಳುವಷ್ಟು ಬಲ ಅಂಕಿಗಳಿಗೆ ಇರಲಿಲ್ಲ. "ಗಂಡಸರು, ಹೆಂಗಸರು ಅಂತ ಬೇರೆ ಮಾಡಿ ನೋಡು, ವಯಸ್ಸು ಬದಲಾಯಿಸಿ ನೋಡು, ಏನಾದ್ರೂ ಬರುತ್ತೆ" ಅಂದರು ಒಬ್ಬ ಹಿರಿಯರು. ಅವರಿಗೂ ನನ್ನ ಥೀಸಿಸ್ ಮುಗಿಯಲಿ ಅನ್ನೋ ಕಳಕಳಿ ಇತ್ತು. ಹಾಗೇ ಮಾಡುತ್ತಾ ಹೋದೆ. ಕೊನೆಗೆ ಒಂದು ವಯಸ್ಸಿನ ಹೆಂಗಸರಲ್ಲಿ ಮಾತ್ರ ಬಂತು. ಮೊದಲಿಂದಲೂ ಅದನ್ನೇ ಹುಡುಕುತ್ತಿದ್ದೆ ಅನ್ನೋ ಹಾಗೆ ಬರೆದೆ. ಪೇಪರ್ ಅಚ್ಚಾಯಿತು.

ಇದರಲ್ಲಿ ಏನು ತಪ್ಪು ಅಂತ ಕೇಳಬಹುದು. ನಾವು 0.05 ಅಂತ ಗೆರೆ ಹಾಕಿಕೊಂಡಿದ್ದೇವೆ. ಅಂದರೆ ನಿಜಕ್ಕೂ ಏನೂ ಸಂಬಂಧ ಇಲ್ಲದಿದ್ದರೂ, 20 ಸಲ ನೋಡಿದರೆ ಸರಾಸರಿ ಒಂದು ಸಲ 'ಇದೆ' ಅಂತ ಕಾಣಿಸುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ 20 ರೀತಿಯಲ್ಲಿ ಜರಡಿ ಹಿಡಿದರೆ, ಒಂದಾದರೂ ಸುಳ್ಳು ಸಂಬಂಧ ಸಿಗುವ ಸಂಭವ ಸುಮಾರು ಶೇ 64. ಸಿಕ್ಕಿದ್ದನ್ನು ಮಾತ್ರ ತೋರಿಸಿ, ಉಳಿದ 19 ಸಲದ ಮಾತೇ ಎತ್ತದಿದ್ದರೆ ಓದುವವರಿಗೆ ಗೊತ್ತಾಗೋದು ಹೇಗೆ?

2011ರಲ್ಲಿ ಜೋಸೆಫ್ ಸಿಮನ್ಸ್, ಲೀಫ್ ನೆಲ್ಸನ್, ಯೂರಿ ಸೈಮನ್‌ಸನ್ ಇದನ್ನ ಕಣ್ಣಿಗೆ ಕಟ್ಟುವ ಹಾಗೆ ತೋರಿಸಿದರು. ವಿದ್ಯಾರ್ಥಿಗಳಿಗೆ ಹಾಡು ಕೇಳಿಸಿದರು. ಆಮೇಲೆ ನಾನು ಮಾಡಿದಂಥ ಕೆಲಸವನ್ನೇ ಬೇಕಂತಲೇ ಮಾಡಿದರು. ಒಂದು ಹಾಡು ಕೇಳಿದವರ ವಯಸ್ಸು ಇನ್ನೊಂದು ಹಾಡು ಕೇಳಿದವರಿಗಿಂತ ಸುಮಾರು ಒಂದೂವರೆ ವರ್ಷ ಕಮ್ಮಿ ಆಯಿತು ಅಂತ ಲೆಕ್ಕದಲ್ಲಿ ಬಂತು! ಅನ್ನಿಸಿದ ವಯಸ್ಸಲ್ಲ, ಹುಟ್ಟಿದ ತಾರೀಖಿನಿಂದ ಎಣಿಸಿದ ವಯಸ್ಸು. ಲೆಕ್ಕದಲ್ಲಿ ಒಂದು ಸುಳ್ಳಂಕಿಯೂ ಇರಲಿಲ್ಲ. ಏನನ್ನು ಹೇಳಬೇಕು, ಏನನ್ನು ಬಿಡಬೇಕು ಅಂತ ಆರಿಸಿಕೊಂಡರೆ ಇಂಥದ್ದೂ ಬರುತ್ತದೆ. ಅದನ್ನ ಓದಿದ ದಿನ ನನ್ನ ಪೇಪರ್ ತೆಗೆದು ನೋಡಿದೆ. ಹೊಟ್ಟೆಯಲ್ಲಿ ಸಂಕಟ ಆಯಿತು.

2015ರಲ್ಲಿ ಬ್ರಯಾನ್ ನೊಸೆಕ್ ಮುಂದಾಳತ್ವದಲ್ಲಿ ಬಹಳಷ್ಟು ಸಂಶೋಧಕರು ಸೇರಿ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಮೊದಲು ಶೇ 97ರಲ್ಲಿ ಸಿಗ್ನಿಫಿಕೆಂಟ್ ಫಲಿತಾಂಶ ಇತ್ತು. ಮರಳಿ ಮಾಡಿದಾಗ ಶೇ 36ಕ್ಕೆ ಇಳಿಯಿತು. ನಮ್ಮ ಸಾಮಾಜಿಕ ಮನೋವಿಜ್ಞಾನದಲ್ಲಿ ಇನ್ನೂ ಕಮ್ಮಿ, ಸುಮಾರು ಶೇ 25. ಮೊದಲು ಮಾಡಿದವರೆಲ್ಲ ಸುಳ್ಳು ಹೇಳಿದರು ಅಂತ ಇದರ ಅರ್ಥ ಅಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಎಷ್ಟೋ ಜನ ನನ್ನ ಹಾಗೇ, ಬೇರೆಯವರು ಮಾಡೋದನ್ನ ನೋಡಿ ಕಲಿತವರು. ಬಾರದ ಫಲಿತಾಂಶ ಮೇಜಿನ ಡ್ರಾಯರ್ ಸೇರುತ್ತದೆ ಅಂತ 1979ರಲ್ಲೇ ರಾಬರ್ಟ್ ರೊಸೆಂತಾಲ್ ಬರೆದಿದ್ದರು.

ಡ್ರಾಯರಿಗೆ ಬೀಗ ಹಾಕಿಸೋದು ಪ್ರಕಟಣೆಯ ಪದ್ಧತಿ. ಫಲಿತಾಂಶ ನೋಡಿ ಪೇಪರ್ ತಗೊಂಡರೆ ಎಲ್ಲರೂ ಫಲಿತಾಂಶದ ಹಿಂದೆ ಓಡುತ್ತಾರೆ. ಅದಕ್ಕೆ ಈಗ ಕೆಲವು ಸಂಶೋಧನಾ ಪತ್ರಿಕೆಗಳು ಅಧ್ಯಯನಕ್ಕೆ ಮುಂಚೆಯೇ ಪ್ರಶ್ನೆ ಮತ್ತು ವಿಧಾನವನ್ನು ತರಿಸಿಕೊಂಡು ಪರಿಶೀಲಿಸುತ್ತವೆ. ಅವು ಒಪ್ಪಿಗೆ ಆದರೆ ಫಲಿತಾಂಶ ಏನೇ ಬಂದರೂ ಅಚ್ಚು ಹಾಕುತ್ತವೆ. ಹೀಗೆ ಮಾಡಿದಾಗ ಏನಾಯಿತು ನೋಡಿ. 2021ರ ಒಂದು ಹೋಲಿಕೆಯಲ್ಲಿ, ಹಳೇ ಪದ್ಧತಿಯ ಮನೋವಿಜ್ಞಾನದ ಪೇಪರುಗಳಲ್ಲಿ ಶೇ 96ರಷ್ಟು 'ನಾವು ಅಂದುಕೊಂಡದ್ದು ನಿಜವಾಯಿತು' ಅಂದಿದ್ದವು. ಈ ಹೊಸ ಪದ್ಧತಿಯಲ್ಲಿ ಹಾಗೆ ಅಂದದ್ದು ಶೇ 44 ಮಾತ್ರ. ನಾವು ಅಂದುಕೊಂಡದ್ದು ಅರ್ಧಕ್ಕಿಂತ ಜಾಸ್ತಿ ಸಲ ಆಗಲ್ಲ ಅಂದರೆ ನಾಚಿಕೆ ಪಡುವಂಥದ್ದೇನೂ ಇಲ್ಲ.

ನಮ್ಮ ಕಾಲೇಜುಗಳ ದಿನಚರಿ ನಿಮಗೆ ಗೊತ್ತೇ ಇದೆ. ಇಂಟರ್ನಲ್ಸ್, ವ್ಯಾಲ್ಯುಯೇಶನ್, ಕಾಲೇಜಿನ ಗುಣಮಟ್ಟ ನೋಡುವ ನ್ಯಾಕ್‌ನ ಫೈಲು. ಇದರ ನಡುವೆ 'ಈ ವರ್ಷ ಎಷ್ಟು ಪೇಪರ್' ಅನ್ನೋ ಕಾಲಂ. ಕಾಲಂ ತುಂಬಿಸೋಕೆ ದುಡ್ಡು ತಗೊಂಡು ವಾರದಲ್ಲಿ ಅಚ್ಚು ಹಾಕಿಕೊಡುವವರು ಹುಟ್ಟಿಕೊಂಡರು. 2018ರ ಮೇ ತಿಂಗಳಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ತಾನು ಒಪ್ಪಿದ ಸಂಶೋಧನಾ ಪತ್ರಿಕೆಗಳ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಒಂದೇ ಸಲ ಕೈಬಿಟ್ಟಿತು. ಆಮೇಲೆ ಅದರ ಜಾಗಕ್ಕೆ ಕೇರ್ ಅನ್ನೋ ಹೊಸ ಪಟ್ಟಿ ಬಂತು, 2025ರಲ್ಲಿ ಅದೂ ನಿಂತಿತು. ಪಿಎಚ್‌ಡಿಗೆ ಪೇಪರ್ ಕಡ್ಡಾಯ ಅನ್ನೋದನ್ನೂ 2022ರ ನಿಯಮದಲ್ಲಿ ತೆಗೆದಿದ್ದಾರೆ. ಪಟ್ಟಿಗಳು ಬರುತ್ತವೆ, ಹೋಗುತ್ತವೆ. ದುಡ್ಡು ಕೇಳುವ ಮೆಸೇಜ್ ಬಂದಾಗ ನೀವು ನೋಡಬೇಕಾದ್ದು ಒಂದೇ: ನನ್ನ ಪೇಪರನ್ನ ಅಲ್ಲಿ ಯಾರಾದರೂ ಓದಿ, ಇಲ್ಲಿ ತಪ್ಪಿದೆ ಅಂತ ಹೇಳುತ್ತಾರಾ? ಅಚ್ಚಿಗೆ ಮುಂಚೆ ಪೇಪರ್ ಪರಿಶೀಲಿಸುವ ರಿವ್ಯೂವರ್ ಒಬ್ಬರು ಎರಡು ಪುಟ ತಕರಾರು ಬರೆದು ಕಳಿಸಿದರೆ ಬೇಜಾರಾಗುತ್ತದೆ, ನಿಜ. ಆದರೆ ಅಷ್ಟು ಗಮನ ಕೊಟ್ಟು ನಿಮ್ಮ ಕೆಲಸ ಓದಿದವರು ನಿಮ್ಮ ಗೈಡ್ ಬಿಟ್ಟರೆ ಬಹುಶಃ ಅವರೊಬ್ಬರೇ.

ಪೆನ್ಸಿಲಿನ ಸಾಲು ಅಂದೆನಲ್ಲ, ಅಂಥದ್ದರ ಬೆಲೆ ಏನು ಅನ್ನೋದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆ. 1934ರ ಜನವರಿ 15ರಂದು ಬಿಹಾರದಲ್ಲಿ ದೊಡ್ಡ ಭೂಕಂಪ ಆಯಿತು. ಆಗ ಹಬ್ಬಿದ ಗಾಳಿಸುದ್ದಿಗಳನ್ನು ಜಮುನಾ ಪ್ರಸಾದ್ ಅನ್ನೋ ಮನೋವಿಜ್ಞಾನಿ ಕೂಡಿಸಿಟ್ಟು, 1935ರಲ್ಲಿ ಪ್ರಕಟಿಸಿದರು. ನೆಲ ನಡುಗಿದ್ದು ಗೊತ್ತಾಗಿ, ಹಾನಿ ಮಾತ್ರ ಆಗದ ಕಡೆಯ ಜನ ಸಮಾಧಾನದ ಮಾತು ಆಡಬೇಕಿತ್ತು. ಅವರು ಇನ್ನೂ ದೊಡ್ಡ ಅನಾಹುತ ಬರುತ್ತೆ ಅಂತ ಸುದ್ದಿ ಹಬ್ಬಿಸುತ್ತಿದ್ದರು. ಯಾಕೆ? ವರ್ಷಗಳ ಮೇಲೆ ಅಮೆರಿಕದ ಲಿಯಾನ್ ಫೆಸ್ಟಿಂಗರ್ ಕೈಗೆ ಆ ವರದಿ ಸಿಕ್ಕಿತು. ಜನರಿಗೆ ಆಗಲೇ ಭಯ ಇತ್ತು, ಆ ಭಯಕ್ಕೆ ಒಂದು ಕಾರಣ ಬೇಕಿತ್ತು, ಅಂತ ಅವರಿಗೆ ಹೊಳೆಯಿತು. 1957ರಲ್ಲಿ ಅವರು ಮಂಡಿಸಿದ ಕಾಗ್ನಿಟಿವ್ ಡಿಸೊನೆನ್ಸ್ ಸಿದ್ಧಾಂತ ನೀವೆಲ್ಲ ಪರೀಕ್ಷೆಗೆ ಓದಿರುವುದೇ: ಮನಸ್ಸಿನಲ್ಲಿರುವ ಎರಡು ಸಂಗತಿ ಒಂದಕ್ಕೊಂದು ಹೊಂದದಿದ್ದರೆ ಕಸಿವಿಸಿ ಆಗುತ್ತದೆ, ಹೇಗಾದರೂ ಹೊಂದಿಸೋಕೆ ನೋಡುತ್ತೇವೆ ಅನ್ನೋದು. ಅದರ ಬೇರು ಬಿಹಾರದ ಜನರ ಬಾಯಿಮಾತಿನಲ್ಲಿದೆ. ಲೆಕ್ಕಕ್ಕೆ ಹೊಂದದ ಮಾತು ಅಂತ ಪ್ರಸಾದ್ ಅದನ್ನ ಬಿಟ್ಟಿದ್ದರೆ?

ಹಾಗಾಗಿ ಮುಂದಿನ ವಾರ ಹೊರಡುವ ಮುಂಚೆ ಎರಡು ಕೆಲಸ ಮಾಡಿ. ನೀವು ಏನನ್ನು ಹುಡುಕುತ್ತೀರಿ, ಹೇಗೆ ಲೆಕ್ಕ ಹಾಕುತ್ತೀರಿ ಅಂತ ಒಂದು ಹಾಳೆಯಲ್ಲಿ ಬರೆದು, ತಾರೀಖು ಹಾಕಿ, ಗೈಡ್ ಹತ್ತಿರ ಸಹಿ ಮಾಡಿಸಿ. ಆಮೇಲೆ ಪ್ರಶ್ನಾವಳಿಯನ್ನು ನಿಮ್ಮ ಊರಿನಲ್ಲಿ ಶಾಲೆಗೆ ಹೋಗದ ಒಬ್ಬರಿಗೆ ಓದಿ ಹೇಳಿ. ಅವರು ಎಲ್ಲಿ ತಡೆದು 'ಹಂಗಂದ್ರೆ?' ಅನ್ನುತ್ತಾರೋ ಅಲ್ಲಿ ಗುರುತು ಮಾಡಿಕೊಳ್ಳಿ.

ಎರಡು ವರ್ಷದ ಹಿಂದೆ ನಾನು ನಂಬಿಕೆಯ ಪ್ರಶ್ನೆಗಳನ್ನು ಹೊಸದಾಗಿ ಬರೆದೆ. ಕೀಲಿ ಕೊಡುತ್ತೀರಾ, ಮಗುವನ್ನು ಬಿಟ್ಟು ಹೋಗುತ್ತೀರಾ, ಕೈಗಡ ಕೊಡುತ್ತೀರಾ, ಮನೆ ಮಾತು ಆಡುತ್ತೀರಾ ಅಂತ ಬೇರೆ ಬೇರೆಯಾಗಿ. ಬರೆದದ್ದನ್ನು ಓದಿ ಹೇಳೋಕೆ ಅದೇ ಭಟ್ಟಿಗೆ ಹೋದೆ. ಆ ತಾಯಿ ಈಗ ಕೆಲಸಕ್ಕೆ ಬರುವುದಿಲ್ಲ, ಮನೆ ಅಲ್ಲೇ ಹತ್ತಿರ. ಹೊರಗೆ ಕಟ್ಟೆ ಮೇಲೆ ಕೂತಿದ್ದರು. ನನ್ನ ಗುರುತು ಸಿಗಲಿಲ್ಲ. ಅವರ ಮಾತನ್ನು ಅವರಿಗೇ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಕೈಗಡ ಕೊಡಲ್ಲ ಅಂತ ಹಂಗೇ ಬರೀಬೇಡ ತಮ್ಮಾ. ಆಸ್ಪತ್ರೆಗೆ ಅಂದ್ರೆ ಕೊಡ್ತೀನಿ. ಮೊನ್ನೆ ಕೊಟ್ಟಿದೀನಿ."

ಅಲ್ಲೇ ಕೂತು ಆ ಪ್ರಶ್ನೆಯನ್ನು ಎರಡು ಮಾಡಿದೆ.