ಪುನರ್ವಸತಿ ಕಾರ್ಯಕರ್ತರ ಬೆನ್ನಿಗೆ ಯಾರಿದ್ದಾರೆ?

ನಮಸ್ಕಾರ. ನಿಮ್ಮ ಪಂಚಾಯ್ತಿಯ ವಿಆರ್‌ಡಬ್ಲ್ಯು ಯಾರು ಅಂತ ಗೊತ್ತಾ? ಅಂಗವಿಕಲರಿಗೆ ನೆರವಾಗುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಪಂಚಾಯ್ತಿಗೊಬ್ಬರು ಇವರು, ತಾಲೂಕಿಗೊಬ್ಬರು ಎಂಆರ್‌ಡಬ್ಲ್ಯು, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಅರ್ಜಿ, ಮಾಸಾಶನದ ಕಾಗದಪತ್ರ, ಗಾಲಿಕುರ್ಚಿ ಯಾರಿಗೆ ಬೇಕು ಅನ್ನೋ ಪಟ್ಟಿ, ಎಲ್ಲ ಇವರ ತಲೆ ಮೇಲೆ. ಕೈಗೆ ಬರೋದು ಸಂಬಳವಲ್ಲ, ಗೌರವಧನ. 1995ರ ಅಂಗವಿಕಲರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇತ್ತು, 2016ರದ್ದರಲ್ಲಿ 21 ಆಯಿತು. ಒಳ್ಳೆಯದೇ. ಆದರೆ ಮನೆ ಮನೆಗೆ ಹೋಗುವವರ ಕೆಲಸವೂ ಅಷ್ಟೇ ಜಾಸ್ತಿ ಆಯಿತು, ಅಲ್ವಾ?

[ದೃಶ್ಯ: ಶಿರಸಿ ಕಡೆಯ ಅಡಿಕೆ ತೋಟ, ಹಳ್ಳದ ಮೇಲೆ ಸಂಕ]

ನಮ್ಮ ಘಟ್ಟದ ಮೇಲೆ ಪಕ್ಕದ ಮನೆ ಅಂದರೂ ಒಂದು ಗುಡ್ಡ ಇಳಿದು, ಬೇಲಿಯ ದಣಪೆ ದಾಟಿ, ಸಂಕದ (ಕಾಲುಸೇತುವೆಯ) ಮೇಲೆ ನಡೆದು ಹೋಗಬೇಕು. ವಿಆರ್‌ಡಬ್ಲ್ಯುಗಳು ಸ್ವತಃ ವಿಕಲಚೇತನರು. ಕಾಲಿಗೆ ಆಧಾರ ಕೊಡುವ ಕ್ಯಾಲಿಪರ್ ಹಾಕಿಕೊಂಡವರು ಮಳೆಗಾಲದಲ್ಲಿ ಪಾಚಿಗಟ್ಟಿದ ಸಂಕ ದಾಟೋದನ್ನು ಸುಮ್ನೆ ಒಮ್ಮೆ ಯೋಚಿಸಿ.

[ದೃಶ್ಯ: ಕೃತಕ ಕಾಲು, ಹತ್ತಿರದಿಂದ]

ಶಿಬಿರದಲ್ಲಿ ಕೃತಕ ಕಾಲು ಕೊಟ್ಟು ಫೋಟೋ ತೆಗೆದರೆ ಕೆಲಸ ಮುಗಿಯೋದಿಲ್ಲ, ನಿಜವಾದ ಕೆಲಸ ಆಮೇಲೆ. ಸ್ವಲ್ಪ ದೂರ ನಡೆಸಬೇಕು, ಕಾಲು ಬಿಚ್ಚಿಸಬೇಕು, ಚರ್ಮ ನೋಡಬೇಕು. ಕೆಂಪಗಾದ ಜಾಗ ಸ್ವಲ್ಪ ಹೊತ್ತಿನಲ್ಲಿ ಮಾಯವಾಗದಿದ್ದರೆ ಸಾಕೆಟ್, ಅಂದರೆ ಉಳಿದ ಕಾಲು ಕೂರುವ ಬಟ್ಟಲು, ಅಲ್ಲಿ ಒತ್ತುತ್ತಿದೆ ಅಂತ ಅರ್ಥ. ಸಕ್ಕರೆ ಕಾಯಿಲೆಯವರಲ್ಲಿ ಎಷ್ಟೋ ಜನಕ್ಕೆ ಆ ನೋವು ಗೊತ್ತೇ ಆಗೋದಿಲ್ಲ, ಹುಣ್ಣಾದ ಮೇಲೇ ಗೊತ್ತಾಗೋದು. ಆಮೇಲೆ ಆ ಕಾಲು ಅಟ್ಟ ಸೇರುತ್ತದೆ. ಇದನ್ನು ನೋಡಿ ಸರಿಮಾಡಲು ಕಲಿತವರು ಮತ್ತೆ ಮತ್ತೆ ಬರಬೇಕು. ಬಸ್ಸಿನ ಖರ್ಚು ಯಾರು ಕೊಡುತ್ತಾರೆ?

ಕೃತಕ ಕಾಲು ಮಾಡುವವರು, ಶ್ರವಣ ತಜ್ಞರು, ವಿಶೇಷ ಶಿಕ್ಷಕರು 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಿರಬೇಕು. ಅದನ್ನು ನವೀಕರಿಸಲು ಸಿಆರ್‌ಇ, ಅಂದರೆ ನಿರಂತರ ಪುನರ್ವಸತಿ ಶಿಕ್ಷಣ ತರಬೇತಿಯ ಅಂಕ ಬೇಕು. ನಿಯಮ ಸರಿಯಾಗಿಯೇ ಇದೆ, ಕಲಿಯುತ್ತಲೇ ಇರಬೇಕು. ಆದರೆ ಜೋಯಿಡಾದಂಥ ಕಾಡಿನ ತಾಲೂಕಿನಲ್ಲಿ ಒಬ್ಬರೇ ಕೆಲಸ ಮಾಡುವವರಿಗೆ ತರಬೇತಿಗೆ ಹೋಗಲು ರಜೆ ಸಿಗಬೇಕು, ಆ ದಿನ ಅವರ ಬಳಿ ಬರುವ ಮಕ್ಕಳನ್ನು ನೋಡಿಕೊಳ್ಳಲು ಬೇರೆಯವರು ಬೇಕು. ಗೊತ್ತಾಗದ ಕೇಸ್ ಬಂದಾಗ ಫೋನ್ ಮಾಡಿ ಕೇಳಲು ಒಬ್ಬ ಹಿರಿಯರು ಸಿಕ್ಕರೆ ಎಷ್ಟು ಧೈರ್ಯ! ನನ್ನ ಪ್ರಕಾರ ಹೊಸ ಯಂತ್ರಗಳಿಗಿಂತ ಮೊದಲು ಆಗಬೇಕಾದದ್ದು ಇದು.

ಮನೆಯವರು ಮಾಡಬಹುದಾದದ್ದೂ ಇದೆ. ಥೆರಪಿಸ್ಟ್ ಬಂದಾಗ ಚಹಾ ಕೊಟ್ಟು ಒಳಗೆ ಹೋಗಬೇಡಿ, ಪಕ್ಕದಲ್ಲಿ ಕೂತು ವ್ಯಾಯಾಮ ಕಲಿಯಿರಿ. ಅವರು ವಾರಕ್ಕೊಮ್ಮೆ ಬರಬಹುದು, ಮಗು ದಿನವೂ ನಿಮ್ಮ ಜೊತೆಗೇ ಇರುತ್ತದೆ.

ಇನ್ನು ಮುಂದಿನ ಗ್ರಾಮಸಭೆಗೆ ಹೋದಾಗ ಎರಡು ಪ್ರಶ್ನೆ ಕೇಳಿ: ನಮ್ಮ ವಿಆರ್‌ಡಬ್ಲ್ಯುಗೆ ಕೂರಲು ಮೆಟ್ಟಿಲು ಹತ್ತದೇ ಹೋಗಬಹುದಾದ ಜಾಗ ಇದೆಯಾ, ಗೌರವಧನ ಸರಿಯಾದ ಸಮಯಕ್ಕೆ ಬರುತ್ತಿದೆಯಾ? ಉತ್ತರ ಏನು ಬಂತು ಅಂತ ಕಾಮೆಂಟಿನಲ್ಲಿ ಬರೆಯಿರಿ.